ಆಟದ ರೈಲಿನ ಹಾರ್ನ್‌ಬಿ

ಮಂಗಳೂರಿನಿಂದ ಕಾಸರಗೋಡು ದಾಟಿ ಚೆನ್ನೈಗೆ ಹೋಗುವ ಮೈಲ್ ಗಾಡಿಯಲ್ಲಿ ಪ್ರಯಾಣ ಮಾಡಿದವರಿಗೆ ಸೇಲಂ ನಿಲ್ದಾಣದ ಪರಿಚಯ ಇದ್ದೇ ಇರುತ್ತದೆ. ಓಮಲೂರು ಮಾತ್ರ ಆ ದಾರಿಯಲ್ಲಿ ಸಿಗುವುದಿಲ್ಲ. ಸೇಲಂನಿಂದ ಬೆಂಗಳೂರಿನ ಕಡೆಗೆ ತಿರುಗಿ, ಮ್ಯಾಗ್ನಸೈಟ್ ಜಂಕ್ಷನ್, ಕರುಪ್ಪೂರು ಕಳೆದ ಮೇಲೆ ಬರುವ ಊರು ಅದು. ಕಣ್ಣೂರಿನಿಂದ ಯಶವಂತಪುರಕ್ಕೆ ಹೋಗುವ ರೈಲು ಓಡುವುದು ಈ ಹಳಿಯ ಮೇಲೆಯೇ. ಓಮಲೂರಿನಿಂದ ಒಂದು ಕವಲು ಧರ್ಮಪುರಿ, ಹೊಸೂರುಗಳತ್ತ ಘಾಟಿ ಹತ್ತುತ್ತದೆ; ಇನ್ನೊಂದು ಮೆಟ್ಟೂರು ಅಣೆಕಟ್ಟಿಗೆ ಹೋಗುತ್ತದೆ. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊತ್ತ ಗೂಡ್ಸು ಗಾಡಿಗಳು ಈ ಕವಲಿನಲ್ಲೇ ಸಾಗುತ್ತವೆ. ಮನೆಮಾತು ಕನ್ನಡವಾಗಿರುವ ನೇಕಾರರೂ ಒಕ್ಕಲಿಗರೂ ಆ ಸೀಮೆಯಲ್ಲಿ ಇಂದಿಗೂ ಇದ್ದಾರೆ.

ಅಂತಹ ಮನೆಯ ಹುಡುಗನೊಬ್ಬ ತನ್ನೂರಿನ ಜಂಕ್ಷನ್ನನ್ನು ಮೇಜಿನ ಮೇಲೆ ಪುಟ್ಟದಾಗಿ ಕಟ್ಟಬೇಕೆಂದು ಹೊರಟನೆನ್ನಿ. ಹಳಿ, ಇಂಜಿನು, ಗಾಲಿ ಇವೆಲ್ಲ ಎಲ್ಲಿ ಸಿಗಬೇಕು? ಪೇಟೆಯ ಅಂಗಡಿಯಲ್ಲೋ, ಅಂಚೆಯಲ್ಲೋ, ಈಗಿನಂತೆ ಆನ್‌ಲೈನಿನಲ್ಲೋ? ಈ ಪ್ರಶ್ನೆ ಹೊಸತಲ್ಲ. ನೂರು ವರ್ಷಗಳ ಹಿಂದೆಯೇ ಇದಕ್ಕೆ ತನ್ನದೇ ಉತ್ತರ ಕಂಡುಕೊಂಡು, ಅದರಿಂದಲೇ ಲಕ್ಷಾಧೀಶನಾದವನು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ.

ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು. ತಂದೆ ಜಾನ್ ಆಸ್ವಾಲ್ಡ್ ಹಾರ್ನ್‌ಬಿ ದಿನಸಿ ವ್ಯಾಪಾರಿ. ಓದಿನಲ್ಲಿ ಹುಡುಗನಿಗೆ ಅಂತಹ ಆಸಕ್ತಿಯೇನೂ ಇರಲಿಲ್ಲ. ಹದಿನಾರಕ್ಕೆ ಶಾಲೆ ಬಿಟ್ಟು ತಂದೆಯ ವ್ಯಾಪಾರದಲ್ಲೇ ಹಣ ಎಣಿಸುವ ಕೆಲಸಕ್ಕೆ ಕುಳಿತ. ಯಂತ್ರಶಾಸ್ತ್ರವನ್ನು ಆತ ಎಲ್ಲಿಯೂ ಕಲಿತವನಲ್ಲ. ಆದರೆ ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ, ಸ್ವಂತ ಪ್ರಯತ್ನದಿಂದ ಮೇಲೆ ಬಂದವರ ಚರಿತ್ರೆಗಳಿರುವ ಪುಸ್ತಕ ಚಿಕ್ಕಂದಿನಲ್ಲಿ ಕೈಗೆ ಸಿಕ್ಕಿತ್ತು. ಅದರಲ್ಲಿನ ಯಂತ್ರ ನಿರ್ಮಾಪಕರ ಕಥೆಗಳು ಮನಸ್ಸಿನಲ್ಲಿ ಉಳಿದುಬಿಟ್ಟವು. 1887ರಲ್ಲಿ ಶಾಲಾ ಉಪಾಧ್ಯಾಯಿನಿ ಕ್ಲಾರಾ ಗೋಡ್‌ಫ್ರಾಯ್ ಎಂಬವಳನ್ನು ಮದುವೆಯಾದ. ರೋಲಂಡ್, ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳೂ ಒಬ್ಬ ಮಗಳೂ ಹುಟ್ಟಿದರು.

1899ರಲ್ಲಿ ತಂದೆ ತೀರಿಕೊಂಡ, ವ್ಯಾಪಾರ ಮುಚ್ಚಿತು. ಹೊಟ್ಟೆಪಾಡಿಗೆ ಹಾರ್ನ್‌ಬಿ ಡೇವಿಡ್ ಎಲಿಯಟ್ ಎಂಬ ಮಾಂಸ ಆಮದು ವ್ಯಾಪಾರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿ ಸೇರಿದ. ಅದೇ ಕಾಲಕ್ಕೆ ಮನೆಯಲ್ಲಿ ಮಕ್ಕಳಿಗಾಗಿ ಲೋಹದ ತಗಡು ಕತ್ತರಿಸಿ ಸೇತುವೆ, ಲಾರಿ, ಕ್ರೇನು ಮಾಡಿಕೊಡುವ ಹವ್ಯಾಸ ಹಿಡಿಯಿತು. ಕ್ರೇನಿಗೆ ಬೇಕಾದ ಸಣ್ಣ ಬಿಡಿಭಾಗಗಳು ಯಾವ ಅಂಗಡಿಯಲ್ಲೂ ದೊರೆಯುತ್ತಿರಲಿಲ್ಲ. ಪ್ರತಿಯೊಂದು ಆಟಿಕೆಗೂ ಬೇರೆ ಬೇರೆ ತುಂಡು ಕತ್ತರಿಸಿ ಸಾಕಾಗಿಹೋಗುತ್ತಿತ್ತು. ಒಂದು ಕ್ರಿಸ್‌ಮಸ್ಸಿನ ಮುನ್ನಾದಿನ ರೈಲಿನಲ್ಲಿ ಕುಳಿತು, ಹಳಿಯ ಪಕ್ಕದಲ್ಲಿದ್ದ ಕ್ರೇನನ್ನು ನೋಡುತ್ತಿದ್ದಾಗ ಉಪಾಯ ಹೊಳೆಯಿತೆಂದು ಆತನೇ ಮುಂದೆ ಬರೆದುಕೊಂಡಿದ್ದಾನೆ. ಎಲ್ಲ ಪಟ್ಟಿಗಳೂ ಅರ್ಧ ಇಂಚು ಅಗಲ, ಅರ್ಧ ಇಂಚಿಗೊಂದರಂತೆ ಒಂದೇ ಅಳತೆಯ ತೂತು. ಹಾಗಾದರೆ ಯಾವ ತುಂಡನ್ನಾದರೂ ಯಾವುದಕ್ಕಾದರೂ ನಟ್ಟು ಬೋಲ್ಟು ಹಾಕಿ ಬಿಗಿಯಬಹುದು, ಬೇಡವಾದಾಗ ಬಿಚ್ಚಿ ಬೇರೇನನ್ನೋ ಕಟ್ಟಬಹುದು. ನಮ್ಮ ಮಕ್ಕಳು ಕೈಯಾಡಿಸಿದ ಮೆಕ್ಯಾನಿಕ್ಸ್ ಡಬ್ಬಿಗಳ ಮೂಲ ಇದೇ.

ಉಪಾಯಕ್ಕೆ ಪೇಟೆಂಟು ಪಡೆಯಲು ಕೈಯಲ್ಲಿ ಹಣವಿರಲಿಲ್ಲ. ಧಣಿ ಎಲಿಯಟ್ ಐದು ಪೌಂಡು ಸಾಲ ಕೊಟ್ಟ. 1901ರ ಜನವರಿಯಲ್ಲಿ ಅರ್ಜಿ ಹೋಯಿತು. ಧಣಿ ಮತ್ತು ಗುಮಾಸ್ತ ಪಾಲುದಾರರಾದರು. 1902ರಲ್ಲಿ ಮಾರಾಟಕ್ಕೆ ಬಂದ ಪೆಟ್ಟಿಗೆಯಲ್ಲಿ ಇದ್ದದ್ದು ಹದಿನಾರೇ ಬಗೆಯ ತುಂಡುಗಳು, ಹನ್ನೆರಡು ಮಾದರಿಗಳ ಕರಪತ್ರ. ಬೆಲೆ ಏಳೂವರೆ ಶಿಲಿಂಗು. ನೋಡಲು ಅಷ್ಟೇನೂ ಅಂದವಿರಲಿಲ್ಲ. ಅಂಗಡಿಯವರು ಮೂಗು ಮುರಿದಿದ್ದರೆ ಅವರನ್ನು ದೂರಲಾಗದು. ಲಿವರ್‌ಪೂಲ್ ವಿಶ್ವವಿದ್ಯಾಲಯ ಕಾಲೇಜಿನ ಇಂಜಿನಿಯರಿಂಗ್ ಪ್ರಾಧ್ಯಾಪಕ ಹೀಲ್-ಶಾ ಶಿಫಾರಸು ಪತ್ರ ಕೊಟ್ಟ. ಅದು ಬಾಗಿಲು ತೆರೆಯಿಸಿತು. ಆದರೂ ಲಾಭವೆಂಬುದು ಕಣ್ಣಿಗೆ ಬಿದ್ದದ್ದು 1906ರಲ್ಲಿ, ಅದೂ ಅಲ್ಪವೇ. ಐದಾರು ವರ್ಷ ಹಗಲು ಗುಮಾಸ್ತಗಿರಿ, ಇರುಳು ತಗಡಿನ ಪಟ್ಟಿ ಎಂದು ಕಳೆದವನ ಹಟವನ್ನು ಮೆಚ್ಚಲೇಬೇಕು. 1907ರಲ್ಲಿ ಕೆಲಸ ಬಿಟ್ಟು ಡ್ಯೂಕ್ ಬೀದಿಯಲ್ಲಿ ಸ್ವಂತ ಕಾರ್ಖಾನೆ ತೆರೆದ. ಮೆಕ್ಯಾನೋ ಎಂಬ ಹೆಸರನ್ನು ದಾಖಲಿಸಿದ. 1908ರಲ್ಲಿ ಮೆಕ್ಯಾನೋ ಲಿಮಿಟೆಡ್ ಆಯಿತು. ಎಲಿಯಟ್ ಹೊಸ ಕಂಪೆನಿಗೆ ಸೇರಲಿಲ್ಲ. ಐದು ಪೌಂಡು ಕೊಟ್ಟ ಧಣಿ ಬರಲಿದ್ದ ಐಶ್ವರ್ಯದ ಪಾಲನ್ನು ಬಿಟ್ಟು ಹೊರನಡೆದ. 1914ರಲ್ಲಿ ಬಿನ್ಸ್ ರಸ್ತೆಯ ದೊಡ್ಡ ಕಾರ್ಖಾನೆ ಎದ್ದಿತು.

ಇನ್ನು ರೈಲಿನ ವಿಷಯ. ಆ ಕಾಲದಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಕಾಣುತ್ತಿದ್ದ ಆಟದ ರೈಲುಗಳಲ್ಲಿ ಹೆಚ್ಚಿನವು ಜರ್ಮನಿಯವು. ನ್ಯೂರೆಂಬರ್ಗಿನ ಬಿಂಗ್, ಗೋಪಿಂಗನ್ನಿನ ಮಾರ್ಕ್ಲಿನ್ ಇವರೇ ದೊಡ್ಡವರು. ಇಂಗ್ಲೆಂಡಿನ ನಾರ್ತಾಂಪ್ಟನ್ನಿನಲ್ಲಿ ಬ್ಯಾಸೆಟ್-ಲೋಕ್ ಎಂಬ ಮತ್ತೊಬ್ಬನಿದ್ದ. ಹಾರ್ನ್‌ಬಿಗಿಂತ ಹದಿನಾಲ್ಕು ವರ್ಷ ಕಿರಿಯ. ಈತ 1899ರ ಸುಮಾರಿಗೇ ಅಂಚೆ ವ್ಯಾಪಾರ ಶುರುಮಾಡಿದ್ದ. ಕ್ಯಾಟಲಾಗು ಅಚ್ಚು ಹಾಕಿಸಿ ಊರೂರಿಗೆ ಕಳಿಸುವುದು, ಹಣ ಬಂದೊಡನೆ ಪಾರ್ಸೆಲು ಮಾಡುವುದು. ನಮ್ಮಲ್ಲಿ ಪುಸ್ತಕ, ಗಡಿಯಾರಗಳನ್ನು ವಿ.ಪಿ. ಮೂಲಕ ತರಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಬಿಂಗ್ ಕಂಪೆನಿಯವರ ಪರಿಚಯವಾಗಿ, ಬ್ರಿಟಿಷ್ ಇಂಜಿನುಗಳ ನಮೂನೆಗಳನ್ನು ಅವರಿಂದ ಮಾಡಿಸಿ ಮಾರಿದ. ಅಂಗಡಿ ಇಲ್ಲದ ಊರಿನ ಹವ್ಯಾಸಿಗೂ ಹಳಿ, ಚಕ್ರ ತಲುಪುವಂತಾದದ್ದು ಈ ಮನುಷ್ಯನಿಂದ. ಲಂಡನ್ನಿನ ಹೈ ಹೋಬರ್ನ್ ಬೀದಿಯ ಆತನ ಅಂಗಡಿ ಬಂದದ್ದು ಆಮೇಲೆ.

ಹಾರ್ನ್‌ಬಿ ಹಿಡಿದದ್ದು ಇದಕ್ಕೆ ವಿರುದ್ಧ ದಾರಿ. ಬ್ಯಾಸೆಟ್-ಲೋಕನ ಗಿರಾಕಿಗಳು ದುಡ್ಡಿರುವ ದೊಡ್ಡವರು. ಹಾರ್ನ್‌ಬಿಯ ಗಿರಾಕಿ ಕಿಸೆಯಲ್ಲಿ ಕೆಲವು ಪೆನ್ನಿ ಇಟ್ಟುಕೊಂಡ ಹುಡುಗ. ಹುಡುಗ ಕ್ಯಾಟಲಾಗು ನೋಡಿ ಮನಿಯಾರ್ಡರು ಕಳಿಸುವವನಲ್ಲ. ಶಾಲೆ ಬಿಟ್ಟು ಬರುವಾಗ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಲ್ಲುವವನು. ಆದುದರಿಂದ ಪಟ್ಟಣ ಪಟ್ಟಣದಲ್ಲಿ ಆಟಿಕೆ ಅಂಗಡಿಯವರು, ಸೈಕಲ್ ಅಂಗಡಿಯವರು ಸಹ ಹಾರ್ನ್‌ಬಿಯ ಮಾರಾಟಗಾರರಾದರು. ಬೆಲೆಯನ್ನು ಕಾರ್ಖಾನೆಯೇ ಅಚ್ಚು ಹಾಕಿಸುತ್ತಿತ್ತು. ಒಂದು ಪೆಟ್ಟಿಗೆ ಕೊಂಡವನು ಅದರ ಮೇಲಿನ ಪೆಟ್ಟಿಗೆಗೆ ಏರಲು ನಡುವಣ ಸಣ್ಣ ಪೆಟ್ಟಿಗೆಗಳಿದ್ದವು. ಬಿಡಿಬಿಡಿಯಾಗಿ ನಟ್ಟು, ಗಾಲಿ, ಪಟ್ಟಿ ಕೊಳ್ಳಲೂ ಆಗುತ್ತಿತ್ತು. ಗಿರಾಕಿಯನ್ನು ಮತ್ತೆ ಮತ್ತೆ ಅಂಗಡಿಗೆ ಬರಿಸುವ ಜಾಣತನ ಇದರಲ್ಲಿತ್ತು. ತಂದೆಯ ದಿನಸಿ ವ್ಯಾಪಾರದಲ್ಲಿ ಕುಳಿತು ಕಲಿತದ್ದಿರಬಹುದು ಎಂದು ನಮ್ಮ ಊಹೆ. ಅಂಚೆಯನ್ನು ಆತ ಬಳಸಿದ್ದು ಬೇರೆ ಕೆಲಸಕ್ಕೆ. 1916ರಲ್ಲಿ ಮೆಕ್ಯಾನೋ ಮ್ಯಾಗಜೀನ್ ಎಂಬ ಪತ್ರಿಕೆ ಹೊರಡಿಸಿದ. ಬ್ರಿಟಿಷ್ ಸಾಮ್ರಾಜ್ಯ ಇದ್ದೆಡೆಯೆಲ್ಲ ಅದು ಹೋಯಿತು. 1919ರಲ್ಲಿ ಹುಡುಗರ ಕ್ಲಬ್ಬುಗಳ ಸಂಘ ಕಟ್ಟಿದ. ಸರಕು ಅಂಗಡಿಯಲ್ಲಿ, ಆಸೆ ಹುಟ್ಟಿಸುವ ಮಾತು ಅಂಚೆಯಲ್ಲಿ ಎಂಬ ಏರ್ಪಾಡು.

1914ರ ಮಹಾಯುದ್ಧ ಜರ್ಮನ್ ಸರಕನ್ನು ತಡೆಯಿತು. ಯುದ್ಧ ಮುಗಿದ ಮೇಲೂ ಇಂಗ್ಲೆಂಡಿನವರಿಗೆ ಜರ್ಮನ್ ಆಟಿಕೆಯ ಮೇಲೆ ಮನಸ್ಸಿರಲಿಲ್ಲ. ತೆರವಾದ ಆ ಜಾಗಕ್ಕೆ 1920ರಲ್ಲಿ ಹಾರ್ನ್‌ಬಿ ರೈಲು ಬಂತು. ಕೀಲಿ ಕೊಟ್ಟು ಓಡಿಸುವ ತಗಡಿನ ಗಾಡಿ; ಹಳಿಗಳ ನಡುವೆ 32 ಮಿಲಿಮೀಟರು. ಮೊದಲ ಗಾಡಿಗಳನ್ನು ಮೆಕ್ಯಾನೋದಂತೆಯೇ ನಟ್ಟು ಬೋಲ್ಟುಗಳಿಂದ ಜೋಡಿಸಿದ್ದರು. ಚಕ್ರ ಮುರಿದರೆ ಗಾಡಿ ಎಸೆಯಬೇಕಿಲ್ಲ. ಪೇಟೆಗೆ ಹೋಗಿ ಬೇರೆ ಚಕ್ರ ತಂದು ಹಾಕಿದರಾಯಿತು. ಇದು ನಮಗೆ ಹಾರ್ನ್‌ಬಿಯ ಎಲ್ಲ ಕೆಲಸಗಳಲ್ಲಿ ಶ್ರೇಷ್ಠವಾದದ್ದೆಂದು ತೋರುತ್ತದೆ. 1925ರಲ್ಲಿ ವಿದ್ಯುತ್ ರೈಲು ಬಂತು. ಮೊದಲಿನದು ಮನೆಯ ಕರೆಂಟನ್ನೇ ಬಲ್ಬಿನ ಮೂಲಕ ತಗ್ಗಿಸಿ ಹಳಿಗೆ ಬಿಡುವಂಥದ್ದು! ಇಂದು ಯಾವ ಸರಕಾರವೂ ಅದನ್ನು ಮಕ್ಕಳ ಕೈಗೆ ಕೊಡಲು ಬಿಡದು. ಬಳಿಕ ಕಡಿಮೆ ವೋಲ್ಟಿನವು ಬಂದವು. 1934ರಲ್ಲಿ ಡಿಂಕಿ ಎಂಬ ಹೆಸರು ಪಡೆದ ಪುಟ್ಟ ಕಾರುಗಳು ಸಹ ಇದೇ ಕಾರ್ಖಾನೆಯವು. ರೈಲು ನಿಲ್ದಾಣದ ಪಕ್ಕದಲ್ಲಿ ನಿಲ್ಲಿಸಲೆಂದು ಮಾಡಿದವು ಲೋಕಪ್ರಸಿದ್ಧವಾದವು.

1931ರಲ್ಲಿ ಹಾರ್ನ್‌ಬಿ ಲಿವರ್‌ಪೂಲಿನ ಎವರ್ಟನ್ ಕ್ಷೇತ್ರದಿಂದ ಕನ್ಸರ್ವೇಟಿವ್ ಪಕ್ಷದ ಸದಸ್ಯನಾಗಿ ಪಾರ್ಲಿಮೆಂಟಿಗೆ ಹೋದ, 1935ರವರೆಗೆ ಇದ್ದ. ಆ ಬಗ್ಗೆ ಹೇಳಿಕೊಳ್ಳುವಂತಹದೇನೂ ಇಲ್ಲ. ಹೃದಯದ ಬೇನೆ, ಸಿಹಿಮೂತ್ರ ಎರಡೂ ಸೇರಿ 1936ರ ಸೆಪ್ಟೆಂಬರ್ 21ರಂದು ತೀರಿಕೊಂಡ. ಮಾಗಲ್ ಎಂಬಲ್ಲಿ ಚರ್ಚಿನ ಅಂಗಳದಲ್ಲಿ ಸಮಾಧಿ ಇದೆ.

ಮಗ ರೋಲಂಡ್ ಕಂಪೆನಿ ವಹಿಸಿಕೊಂಡ. 1938ರಲ್ಲಿ ಡಬ್ಲೋ ಎಂಬ ಸಣ್ಣ ಅಳತೆಯ ರೈಲು ಬಂತು: ನಿಜವಾದದ್ದರ 76ನೆಯ ಒಂದು ಭಾಗ, ಹಳಿಯ ಅಂತರ 16.5 ಮಿಲಿಮೀಟರು. ಇಲ್ಲಿ ಒಂದು ತಮಾಷೆಯಿದೆ. ಇಂಗ್ಲೆಂಡಿನ ನಿಜವಾದ ಹಳಿಯನ್ನು 76ರಿಂದ ಭಾಗಿಸಿದರೆ ಸುಮಾರು 18.9 ಮಿಲಿಮೀಟರು ಆಗಬೇಕು. ಅವರ ರೈಲೇ ಅವರ ಹಳಿಗೆ ಹೊಂದುವುದಿಲ್ಲ! ನಮ್ಮ ಬ್ರಾಡ್‌ಗೇಜಿಗಂತೂ ಇನ್ನೂ ದೂರ. 1676 ಮಿಲಿಮೀಟರನ್ನು ಅದೇ ಅಳತೆಗೆ ಇಳಿಸಿದರೆ 22 ಆಗುತ್ತದೆ. ಓಮಲೂರಿನ ಈಗಿನ ಜಂಕ್ಷನ್ನನ್ನು ಕಟ್ಟಹೊರಟವನಿಗೆ ಅಳತೆಗೆ ಸರಿಯಾದ ಹಳಿ ಅಂಗಡಿಯ ಡಬ್ಬಿಯಲ್ಲಿ ಸಿಗುವುದಿಲ್ಲ. ಕೈಯಾರೆ ಮಾಡಿಕೊಳ್ಳಬೇಕು, ಇಲ್ಲವೇ ತಪ್ಪು ಅಳತೆಯನ್ನು ಒಪ್ಪಿಕೊಳ್ಳಬೇಕು. ಹಳೆಯ ಕಾಲವನ್ನು ಆರಿಸಿಕೊಂಡರೆ ಕೆಲಸ ಸುಲಭ. ಸೇಲಂ–ಬೆಂಗಳೂರು ದಾರಿ 1990ರ ದಶಕದಲ್ಲಿ ಬ್ರಾಡ್‌ಗೇಜಾಗುವ ತನಕ ಮೀಟರ್‌ಗೇಜು. ಯುರೋಪಿನಲ್ಲಿ 87ನೆಯ ಒಂದು ಅಳತೆಯ ಮೀಟರ್‌ಗೇಜು ಮಾದರಿಗಳಿಗೆ ಬಳಸುವ 12 ಮಿಲಿಮೀಟರಿನ ಹಳಿ ಅದಕ್ಕೆ ಹೊಂದುತ್ತದೆ. ಇನ್ನೂ ಹಿಂದೆ ಹೋದರೆ ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ತೆರೆದು, 1913ರಲ್ಲಿ ಹೊಸೂರಿನವರೆಗೆ ಬೆಳೆದು, 1941ರಲ್ಲಿ ಮುಚ್ಚಿದ ಎರಡೂವರೆ ಅಡಿಯ ಪುಟ್ಟ ರೈಲು. ಅದಕ್ಕೆ 9 ಮಿಲಿಮೀಟರಿನ ಹಳಿ ಸಾಕು. ಮರೆತುಹೋದ ಆ ಗಾಡಿಯನ್ನು ಯಾರಾದರೂ ಮೇಜಿನ ಮೇಲಾದರೂ ಓಡಿಸಿದರೆ ಒಳ್ಳೆಯದೇ.

ಆದರೆ ಹಳಿ ತರಿಸುವುದು ಹೇಗೆ? ಸ್ವಾತಂತ್ರ್ಯದ ನಂತರ ದೇಶದಲ್ಲಿ ವಿದೇಶಿ ವಿನಿಮಯದ ಕೊರತೆಯಿಂದ ಇಂತಹ ವಸ್ತುಗಳ ಆಮದಿಗೆ ಹಲವು ದಶಕ ಕಡಿವಾಣವಿತ್ತು. ಆ ನಿರ್ಬಂಧಗಳು 2001ರ ಹೊತ್ತಿಗೆ ಸಡಿಲವಾದವು. ಅನಂತರ ಆನ್‌ಲೈನ್ ವ್ಯಾಪಾರ ಬಂದು, ಲಿವರ್‌ಪೂಲಿನ ಸರಕು ಓಮಲೂರಿನ ಅಂಚೆಯಣ್ಣನ ಚೀಲಕ್ಕೆ ಬರುವಂತಾಯಿತು. 2020ರಲ್ಲಿ ಸರಕಾರ ಆಟಿಕೆಗಳ ಆಮದು ಸುಂಕವನ್ನು ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿಯಿಂದ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯವಾಯಿತು. ದೇಶದ ತಯಾರಕರಿಗೆ ಇದರಿಂದ ಅನುಕೂಲವಾಯಿತು, ಸರಿ. ಸುಂಕದ ಪುಸ್ತಕದಲ್ಲಿ ಮಾತ್ರ ಮಾದರಿ ರೈಲಿಗೂ ಪ್ಲಾಸ್ಟಿಕ್ ಗಿಲಕಿಗೂ ಒಂದೇ ಸಾಲು. ಗಿಲಕಿ ಇಲ್ಲಿಯೇ ಆಗುತ್ತದೆ. 9 ಮಿಲಿಮೀಟರಿನ ಹಳಿಯನ್ನು ಹುಡುಗ ಎಲ್ಲಿಂದ ತರಬೇಕು? ಅಗ್ಗವೆಂದು ಆನ್‌ಲೈನಿನಲ್ಲಿ ಕೊಂಡದ್ದು ಮನೆ ಸೇರುವಾಗ ಅಗ್ಗವಾಗಿ ಉಳಿಯುವುದಿಲ್ಲ. ಇಂಜಿನು ಓಡದಿದ್ದರೆ ತಿರುಗಿ ಕಳಿಸುವ ಖರ್ಚು ಬೇರೆ. ಮೋಟಾರಿನ ಕುಂಚ ಸವೆದಿದೆಯೋ ಹಳಿಗೆ ಧೂಳು ಕುಳಿತಿದೆಯೋ ಎಂದು ನೋಡಿ ಹೇಳುವ ಅಂಗಡಿಯವನೂ ಹತ್ತಿರದಲ್ಲಿಲ್ಲ. ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟ್ಟ ರೈಲುಗಳ ಸಂಗ್ರಹಾಲಯಕ್ಕೆ ಹೋದವರಿಗೆ ನಮ್ಮ ದೇಶದಲ್ಲಿಯೂ ಇದು ಸಾಧ್ಯವೆಂದು ಗೊತ್ತಾಗುತ್ತದೆ. ಆದರೆ ಓಮಲೂರಿನಿಂದ ಪುಣೆ ದೂರ.

ಹಾರ್ನ್‌ಬಿ ಕಟ್ಟಿದ ವ್ಯವಸ್ಥೆಯೂ ಅಲ್ಲಿ ಉಳಿಯಲಿಲ್ಲ. ತಯಾರಕನೇ ಅಂಗಡಿಯ ಬೆಲೆ ನಿಗದಿ ಮಾಡುವ ಪದ್ಧತಿಯನ್ನು ಬ್ರಿಟನ್ 1964ರ ಕಾಯ್ದೆಯಿಂದ ಬಹುಮಟ್ಟಿಗೆ ನಿಲ್ಲಿಸಿತು. ಅದೇ ವರ್ಷ ಮೆಕ್ಯಾನೋ ಕಂಪೆನಿ ಲೈನ್ಸ್ ಸಹೋದರರ ಕೈಗೆ ಹೋಯಿತು. 1971ರಲ್ಲಿ ಅವರೂ ಮುಳುಗಿದರು. 1979ರಲ್ಲಿ ಬಿನ್ಸ್ ರಸ್ತೆಯ ಕಾರ್ಖಾನೆಗೆ ಬೀಗ ಬಿತ್ತು. ಹಾರ್ನ್‌ಬಿಯ ಹೆಸರು ಹೊತ್ತ ಈಗಿನ ಕಂಪೆನಿ ಮಾರ್ಗೇಟಿನದು. ಅದರ ರೈಲುಗಳು ತಯಾರಾಗುವುದು ಚೀನಾದಲ್ಲಿ, ಮಾರಾಟ ಅಂಗಡಿಗಳ ಜೊತೆಗೆ ಸ್ವಂತ ಜಾಲತಾಣದಲ್ಲಿಯೂ. ಅದೇ ಕಂಪೆನಿಯ ಏರ್‌ಫಿಕ್ಸ್ ವಿಮಾನದ ಕಿಟ್‌ಗಳಲ್ಲಿ ಕೆಲವು ಭಾರತದಲ್ಲೇ ತಯಾರಾದವು.

ಹಾರ್ನ್‌ಬಿಯ ಊರಾದ ಲಿವರ್‌ಪೂಲಿನಲ್ಲಿ 1946ರಲ್ಲಿ ಹ್ಯಾಟನ್ ಎಂಬ ಹೆಸರಿನ ಮಾದರಿ ರೈಲಿನ ಅಂಗಡಿ ಹುಟ್ಟಿತ್ತು. ಅಂಗಡಿಯಿಂದ ಅಂಚೆಗೆ, ಅಂಚೆಯಿಂದ ಆನ್‌ಲೈನಿಗೆ ಬೆಳೆದು ಲೋಕದ ಮೂಲೆಮೂಲೆಗೆ ಪಾರ್ಸೆಲು ಕಳಿಸುತ್ತಿತ್ತು. 2024ರ ಜನವರಿಯಲ್ಲಿ ಅದೂ ಮುಚ್ಚುವುದಾಗಿ ಪ್ರಕಟಿಸಿತು. 1920ರ ತಗಡಿನ ಗಾಡಿಗಳು ಮಾತ್ರ ಹಳೆಯ ವಸ್ತುಗಳ ಮಾರಾಟದಲ್ಲಿ ಈಗಲೂ ಕೈಬದಲಾಗುತ್ತಿವೆ. ನಟ್ಟು ಬಿಚ್ಚಿ, ಕೀಲಿಯ ಸ್ಪ್ರಿಂಗು ಬದಲಿಸಿ, ಎಣ್ಣೆ ಬಿಟ್ಟರೆ ಓಡುತ್ತವೆ.