ಬೆನಗಲ್ ನರಸಿಂಗರಾಯರ ಅಧ್ಯಯನ ಕ್ರಮ

ವಾರ್ಷಿಕ ಪರೀಕ್ಷೆಗಳು ಸಮೀಪಿಸಿದಂತೆಲ್ಲ ರಾಜಧಾನಿಯಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮನೆಗಳಲ್ಲಿ ಒಂದೇ ಚಿಂತೆ ಆವರಿಸುತ್ತದೆ. ಮಗು ದಿನಕ್ಕೆ ಎಷ್ಟು ಗಂಟೆ ಓದಬೇಕು, ಯಾವ ಕೋಚಿಂಗಿಗೆ ಸೇರಬೇಕು ಎಂದು ಪಾಲಕರು ವಿಚಾರಿಸುತ್ತಾರೆ. ಸಂಸ್ಕೃತ ಪಾಠಕ್ಕೆ ಬರುವ ಮಕ್ಕಳ ತಂದೆತಾಯಂದಿರು ನಮ್ಮನ್ನೂ ಹೀಗೆಯೇ ಕೇಳುವುದುಂಟು. ಗಂಟೆಗಳ ಲೆಕ್ಕವನ್ನು ನಾವು ಹೇಳಲಾರೆವು. ಅದಕ್ಕೆ ಬದಲಾಗಿ, ನಮ್ಮ ಕರಾವಳಿಯಲ್ಲಿ ಹುಟ್ಟಿ ಇದೇ ದೆಹಲಿಯಲ್ಲಿ ತಮ್ಮ ವಿದ್ಯೆಯನ್ನು ರಾಷ್ಟ್ರಕ್ಕೆ ಸಮರ್ಪಿಸಿದ ಮಹನೀಯರೊಬ್ಬರ ಜೀವನವನ್ನು ನಿರೂಪಿಸುವುದು ಉಚಿತವೆಂದು ಭಾವಿಸುತ್ತೇವೆ. ಅವರೇ ಸರ್ ಬೆನಗಲ್ ನರಸಿಂಗರಾಯರು.

ರಾಯರು 1887ನೆಯ ಇಸವಿ ಫೆಬ್ರವರಿ 26ರಂದು ಚಿತ್ರಾಪುರ ಸಾರಸ್ವತ ಮನೆತನದಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರರಾಯರು ಹೆಸರಾಂತ ವೈದ್ಯರು. ಸಹೋದರರಲ್ಲಿ ರಾಮರಾಯರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಶಿವರಾಯರು ಪತ್ರಕರ್ತರಾಗಿ, ಲೋಕಸಭಾ ಸದಸ್ಯರಾಗಿ ಪ್ರಸಿದ್ಧರಾದರು. ನರಸಿಂಗರಾಯರ ಪ್ರಾರಂಭಿಕ ವಿದ್ಯಾಭ್ಯಾಸವು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ನಡೆಯಿತು. ಅಲ್ಲಿಂದ ಪರೀಕ್ಷೆಗೆ ಕುಳಿತ ಈ ಬಾಲಕನು ಸಮಗ್ರ ಮದರಾಸು ಪ್ರಾಂತಕ್ಕೆ ಪ್ರಥಮನಾಗಿ ಉತ್ತೀರ್ಣನಾದನು.

ತರುವಾಯದ ವ್ಯಾಸಂಗವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. 1905ರಲ್ಲಿ ಪದವಿ ಪಡೆದಾಗ ಅವರು ಇಂಗ್ಲಿಷ್, ಭೌತಶಾಸ್ತ್ರ ಮತ್ತು ಸಂಸ್ಕೃತ ಈ ಮೂರರಲ್ಲಿಯೂ ಪ್ರಥಮ ಶ್ರೇಣಿಯನ್ನು ಗಳಿಸಿದ್ದರು. ಮರುವರ್ಷ ಗಣಿತದಲ್ಲಿ ಇನ್ನೊಂದು ಪದವಿ ಸೇರಿತು. ವಿಜ್ಞಾನದವನಿಗೆ ಭಾಷೆ ಬೇಡ, ಸಂಸ್ಕೃತದವನಿಗೆ ಲೆಕ್ಕ ಬೇಡ ಎಂಬ ವಿಭಾಗವನ್ನು ಅವರು ಒಪ್ಪಿಕೊಳ್ಳಲಿಲ್ಲ. ವ್ಯಾಕರಣಸೂತ್ರವನ್ನು ಬಿಡಿಸುವ ಬುದ್ಧಿಗೂ ಗಣಿತದ ಪ್ರಮೇಯವನ್ನು ಸಾಧಿಸುವ ಬುದ್ಧಿಗೂ ಬಹಳ ಅಂತರವಿಲ್ಲ. ಎರಡರಲ್ಲಿಯೂ ಒಂದಕ್ಷರ ಹೆಚ್ಚಾದರೆ ದೋಷ, ಒಂದಕ್ಷರ ಕಡಿಮೆಯಾದರೆ ದೋಷ. ಈ ಮಿತಾಕ್ಷರದ ಅಭ್ಯಾಸವೇ ಮುಂದೆ ಶಾಸನಗಳ ಕರಡನ್ನು ಬರೆಯುವ ಅವರ ಕೈಗೆ ಬಲವಾಯಿತೆಂದು ನಮಗೆ ತೋರುತ್ತದೆ.

ವಿದ್ಯಾರ್ಥಿವೇತನವನ್ನು ಪಡೆದು ರಾಯರು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿಗೆ ತೆರಳಿದರು. 1909ರ ಗಣಿತ ಟ್ರೈಪಾಸ್ ಪರೀಕ್ಷೆಯಲ್ಲಿ ಒಂಬತ್ತನೆಯ ರ‍್ಯಾಂಗ್ಲರ್ ಆದರು. ಅದೇ ಕಾಲದಲ್ಲಿ ಅಲ್ಲಿ ಓದುತ್ತಿದ್ದ ಜವಾಹರಲಾಲ ನೆಹರೂ ಅವರು ತಂದೆಗೆ ಬರೆದ ಪತ್ರದಲ್ಲಿ ರಾಯರ ಅಸಾಧಾರಣ ಬುದ್ಧಿಯನ್ನು ಕುರಿತು ಉಲ್ಲೇಖಿಸಿದ್ದರು. ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿಯೂ ಉತ್ತೀರ್ಣರಾಗಿ ರಾಯರು ಬಂಗಾಳಕ್ಕೆ ನಿಯುಕ್ತರಾದರು.

ಇಲ್ಲಿಗೆ ಅನೇಕರ ಓದು ಮುಗಿಯುತ್ತದೆ. ಉದ್ಯೋಗ ದೊರೆತ ಮೇಲೆ ಪುಸ್ತಕಕ್ಕೆ ನಮಸ್ಕಾರ ಹೇಳುವುದು ಲೋಕರೂಢಿ. ರಾಯರ ಓದು ಇಲ್ಲಿಂದಲೇ ಪುನಃ ಪ್ರಾರಂಭವಾಯಿತು. ಗಣಿತವನ್ನು ಕಲಿತು ಬಂದವರು ನ್ಯಾಯಾಧಿಕಾರಿಯ ಕಾರ್ಯಕ್ಕಾಗಿ ಕಾನೂನನ್ನು ಕರಗತ ಮಾಡಿಕೊಂಡರು. 1925ರಿಂದ ಸುಮಾರು ಎಂಟು ವರ್ಷ ಅಸ್ಸಾಂ ಸರ್ಕಾರದಲ್ಲಿದ್ದು ಮಸೂದೆಗಳ ರಚನೆಯಲ್ಲಿ ನಿಷ್ಣಾತರಾದರು. 1935ರ ಭಾರತ ಸರ್ಕಾರದ ಕಾಯಿದೆ ಬಂದಾಗ, ದೇಶದಲ್ಲಿ ಜಾರಿಯಲ್ಲಿದ್ದ ಶಾಸನಗಳನ್ನೆಲ್ಲ ಅದಕ್ಕೆ ಹೊಂದುವಂತೆ ಪರಿಷ್ಕರಿಸುವ ಭಾರವು ಅವರ ಪಾಲಿಗೆ ಬಂದಿತು. ಕಾಯಿದೆಗಳನ್ನು ಒಂದೊಂದಾಗಿ ಓದಿ, ಪರಸ್ಪರ ತಾಳೆನೋಡಿ ತಿದ್ದುವ ಈ ಕೆಲಸದಲ್ಲಿ ಚಮತ್ಕಾರಕ್ಕೆ ಎಡೆಯಿಲ್ಲ; ಪ್ರತಿದಿನದ ನಿಯಮಿತ ಪರಿಶ್ರಮವೊಂದೇ ಗತಿ. 1938ರಲ್ಲಿ ಸರ್ಕಾರವು ಅವರಿಗೆ ಸರ್ ಪದವಿಯನ್ನಿತ್ತು ಗೌರವಿಸಿತು.

ಕಲ್ಕತ್ತೆಯ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಮೇಲೂ ಹೊಸ ವಿಷಯಗಳು ಅವರನ್ನು ಅರಸಿ ಬಂದವು. ನಾವು ರೈಲ್ವೆಯಲ್ಲಿ ಸೇವೆ ಸಲ್ಲಿಸಿದವರಾದುದರಿಂದ ಒಂದನ್ನು ಮೊದಲು ಸ್ಮರಿಸಬೇಕು. ಯುದ್ಧಕಾಲದ ಬೆಲೆಯೇರಿಕೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನೌಕರರು ತುಟ್ಟಿಭತ್ಯೆಯನ್ನು ಕೇಳಿದಾಗ, 1940ರಲ್ಲಿ ಅದರ ವಿಚಾರಣೆಯನ್ನು ನಡೆಸಿದ ನ್ಯಾಯಮಂಡಲಿಯು ಇಂದಿಗೂ ರಾಯರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅದರ ಬೆನ್ನಿಗೇ ಸಿಂಧ್ ಮತ್ತು ಪಂಜಾಬ್ ಪ್ರಾಂತಗಳ ನಡುವಣ ಸಿಂಧೂನದಿಯ ನೀರಿನ ವಿವಾದವನ್ನು ಪರಿಶೀಲಿಸಿದ ಆಯೋಗಕ್ಕೆ ಅವರು ಅಧ್ಯಕ್ಷರಾದರು. 1942ರಲ್ಲಿ ವರದಿ ಸಿದ್ಧವಾಯಿತು.

ಇದೇ ವರ್ಷಗಳಲ್ಲಿ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷತೆಯೂ ಬಂದಿತು. 1941ರಲ್ಲಿ ನೇಮಕಗೊಂಡು 1944ರಲ್ಲಿ ಪುನಾರಚಿತವಾದ ಆ ಸಮಿತಿಯು ಪ್ರಾಂತಗಳಲ್ಲಿ ಸಂಚರಿಸಿ ಸಾಕ್ಷ್ಯವನ್ನು ಸಂಗ್ರಹಿಸಿತು. ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕು ಮೊದಲಾದ ಅದರ ಸಲಹೆಗಳನ್ನು ಅನೇಕ ಸಂಪ್ರದಾಯಸ್ಥ ಪಂಡಿತರು ತೀವ್ರವಾಗಿ ವಿರೋಧಿಸಿದರು. ಧರ್ಮಶಾಸ್ತ್ರದ ಆಧಾರಗಳು ತುಂಬಿರುವ ಇಂತಹ ಚರ್ಚೆಯಲ್ಲಿ, ವಿದ್ಯಾರ್ಥಿದೆಶೆಯಲ್ಲಿ ಕಲಿತ ಸಂಸ್ಕೃತವು ಅಧ್ಯಕ್ಷರಿಗೆ ಎಷ್ಟು ಉಪಕಾರಕವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1955 ಮತ್ತು 1956ರ ಹಿಂದೂ ಕಾಯಿದೆಗಳಿಗೆ ಆ ಸಮಿತಿಯ ಶ್ರಮವೇ ತಳಹದಿಯಾಯಿತು.

ಕಾಶ್ಮೀರದ ಪ್ರಧಾನಮಂತ್ರಿ ಪದವಿಯಲ್ಲಿ ಅಲ್ಪಕಾಲವಿದ್ದು ಬಂದ ರಾಯರು 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಆಗ ಅವರಿಗೆ 59 ವರ್ಷ. ಈ ಸೇವೆಗೆ ಅವರು ವೇತನವನ್ನು ಸ್ವೀಕರಿಸಲಿಲ್ಲ. 2023ರಿಂದ ಸಂವಿಧಾನ ಸದನವೆಂದು ಕರೆಯಲ್ಪಡುವ ಹಳೆಯ ಸಂಸತ್ ಭವನದಲ್ಲಿ, 1946ರ ಡಿಸೆಂಬರ್ 9ರಂದು ಸಭೆಯು ಮೊದಲ ಬಾರಿಗೆ ಸೇರಿತು. ಸದಸ್ಯರಲ್ಲಿ ವಕೀಲರಿದ್ದರು, ಹೋರಾಟಗಾರರಿದ್ದರು, ಸಂಸ್ಥಾನಿಕರ ಪ್ರತಿನಿಧಿಗಳಿದ್ದರು. ಎಲ್ಲರಿಗೂ ಲೋಕದ ಸಂವಿಧಾನಗಳ ಪರಿಚಯವಿರಲು ಸಾಧ್ಯವಿರಲಿಲ್ಲ. ಅದಕ್ಕಾಗಿ ರಾಯರು ನಾನಾ ದೇಶಗಳ ಸಂವಿಧಾನಗಳಿಂದ ಆಯ್ದ ವಿಷಯಗಳನ್ನು ಸಂಪುಟಗಳಾಗಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಿಸಿದರು. ತಾವು ಓದಿದ್ದನ್ನು ಇತರರೂ ಓದಬಲ್ಲಂತೆ ಮಾಡಿಕೊಟ್ಟರು. 1947ರ ಮಾರ್ಚ್ ತಿಂಗಳಲ್ಲಿ, ಒಕ್ಕೂಟದ ಮುಖ್ಯಸ್ಥರು ಯಾರು, ಅವರ ಆಯ್ಕೆ ಹೇಗೆ, ಶಾಸನ ಸಭೆ ಎಂತಹುದು ಮುಂತಾದ ವಿಷಯಗಳ ಮೇಲೆ ಪ್ರಶ್ನಾವಳಿಯೊಂದನ್ನು ಕಳುಹಿಸಿದರು. ಉತ್ತರ ಬರೆಯುವುದಕ್ಕೆ ಮುಂಚೆ ಪ್ರಶ್ನೆಯನ್ನು ಸರಿಯಾಗಿ ರೂಪಿಸುವ ಈ ಕ್ರಮವು ನಮ್ಮ ಶಾಸ್ತ್ರಪಾಠದವರಿಗೆ ಹೊಸದಲ್ಲ. ಸಂಶಯ, ಪೂರ್ವಪಕ್ಷಗಳನ್ನು ಪೂರ್ಣವಾಗಿ ಮಂಡಿಸದೆ ಸಿದ್ಧಾಂತಕ್ಕೆ ಹೋಗುವ ಪದ್ಧತಿ ನಮ್ಮಲ್ಲಿಲ್ಲವಷ್ಟೆ.

ಸಭೆಯ ನಿರ್ಣಯಗಳನ್ನು ಆಧರಿಸಿ ರಾಯರು ರಚಿಸಿದ ಮೊದಲ ಕರಡು 1947ರ ಅಕ್ಟೋಬರ್ ತಿಂಗಳಲ್ಲಿ ಸಿದ್ಧವಾಯಿತು. ಅದರಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಅದನ್ನು ಪರಿಶೀಲಿಸಿ, ವಿಸ್ತರಿಸಿ, ಮಾರ್ಪಡಿಸಿತು; ಅಂತಿಮ ರೂಪದಲ್ಲಿ 395 ವಿಧಿಗಳಾದವು. ಕೃತಿಯ ಶ್ರೇಯಸ್ಸಿನಲ್ಲಿ ರಾಯರಿಗೂ ಪಾಲಿದೆಯೆಂದು ಅಂಬೇಡ್ಕರರು 1949ರ ನವೆಂಬರ್ 25ರ ಭಾಷಣದಲ್ಲಿ ಮುಕ್ತಕಂಠದಿಂದ ತಿಳಿಸಿದರು.

ಕರಡನ್ನು ಒಪ್ಪಿಸಿದ ಮೇಲೆ ರಾಯರು ವಿಶ್ರಮಿಸಲಿಲ್ಲ. ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ದೇಶಗಳಿಗೆ ಹೋಗಿ, ಸಂವಿಧಾನವನ್ನು ನಿತ್ಯ ಪ್ರಯೋಗಿಸುವವರನ್ನು ಭೇಟಿಯಾಗಿ, ಬರೆದುದು ಆಚರಣೆಯಲ್ಲಿ ನಿಲ್ಲುವುದೇ ಎಂದು ವಿಚಾರಿಸಿದರು. ಪ್ರಾಣ ಹಾಗೂ ದೈಹಿಕ ಸ್ವಾತಂತ್ರ್ಯವನ್ನು ಕುರಿತ ವಿಧಿಯಲ್ಲಿ ಅಮೆರಿಕದ ಮಾದರಿಯ ಪದಗಳಿದ್ದವು. ಅಲ್ಲಿಯ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರು, ಆ ಪದಗಳು ಚುನಾಯಿತ ಶಾಸನ ಸಭೆಯ ನಿರ್ಧಾರಗಳನ್ನು ತಡೆಯುವ ಅತಿಯಾದ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುತ್ತವೆ ಎಂದು ಅಭಿಪ್ರಾಯಪಟ್ಟರು. ಕರಡು ಸಮಿತಿಯು ಆ ಪದಗಳನ್ನು ಬಿಟ್ಟು, ಕಾನೂನು ಸ್ಥಾಪಿಸಿದ ಪ್ರಕ್ರಿಯೆ ಎಂಬರ್ಥದ ಪದಗಳನ್ನಿಟ್ಟಿತು. ಅದೇ ಇಂದಿನ 21ನೆಯ ವಿಧಿ. ಸಭೆಯಲ್ಲಿ ಇದಕ್ಕೆ ಬಲವಾದ ಆಕ್ಷೇಪಣೆಗಳೂ ಬಂದವು. 1978ರ ಮನೇಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆ ಪ್ರಕ್ರಿಯೆಯು ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕೆಂದು ತೀರ್ಮಾನಿಸಿ ವಿಧಿಯ ಅರ್ಥವನ್ನು ವಿಶಾಲಗೊಳಿಸಿತು. ಮಹಾವಿದ್ವಾಂಸರ ಸಲಹೆಯೂ ಮುಂದಿನವರ ಮನನದಿಂದ ಪರೀಕ್ಷೆಗೊಳಗಾಗುತ್ತದೆ. ಒಂದೆರಡು ಪದಗಳ ಆಯ್ಕೆಯಲ್ಲಿ ಕೋಟ್ಯಂತರ ಜನರ ಬಿಡುಗಡೆ ಅಡಗಿರುವಾಗ, ಓದಿನಲ್ಲಿ ಅಜಾಗರೂಕತೆ ಸಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬರ್ಮಾ ದೇಶದ ಸಂವಿಧಾನ ರಚನೆಗೂ ರಾಯರ ನೆರವು ದೊರೆಯಿತು. ಅನಂತರ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧವು ಆರಂಭವಾದಾಗ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿ ಅವರೇ ಇದ್ದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, 1953ರ ನವೆಂಬರ್ 30ರಂದು ಜ್ಯೂರಿಚಿನಲ್ಲಿ ದೇಹತ್ಯಾಗ ಮಾಡಿದರು. ಅವರ ಟಿಪ್ಪಣಿಗಳನ್ನು ಸಹೋದರ ಶಿವರಾಯರು ಸಂಪಾದಿಸಿ 1960ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಈ ಜೀವನದಿಂದ ನಮ್ಮ ಮಕ್ಕಳು ಗ್ರಹಿಸಬಹುದಾದ ಅಭ್ಯಾಸಗಳು ನಾಲ್ಕು. ಒಂದು ಶಾಸ್ತ್ರದ ಜೊತೆಗೆ ಅದಕ್ಕೆ ದೂರವೆಂದು ತೋರುವ ಇನ್ನೊಂದನ್ನೂ ಶ್ರದ್ಧೆಯಿಂದ ಕಲಿಯುವುದು ಮೊದಲನೆಯದು. ಪಾಠವನ್ನು ಓದುವ ಮುಂಚೆ ಅದರಿಂದ ತಿಳಿಯಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವುದು ಎರಡನೆಯದು. ಓದಿದ್ದನ್ನು ಸಹಪಾಠಿಗೆ ಉಪಯೋಗವಾಗುವಷ್ಟು ಸ್ಪಷ್ಟವಾಗಿ ಟಿಪ್ಪಣಿ ಮಾಡುವುದು ಮೂರನೆಯದು. ಹಾಗೆ ಬರೆಯಲು ಕುಳಿತಾಗಲೇ ನಮಗೆ ಅರ್ಥವಾಗದೆ ಉಳಿದುದು ಕಾಣುತ್ತದೆ. ಬರೆದು ಮುಗಿಸಿದ್ದನ್ನು ಬಲ್ಲವರ ಮುಂದಿಟ್ಟು ತಿದ್ದಿಸಿಕೊಳ್ಳುವುದು ನಾಲ್ಕನೆಯದು. ಇವುಗಳಿಗೆ ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಪಾಲಕರು ಬರುವ ಭಾನುವಾರ ಮಕ್ಕಳೊಡನೆ ಕುಳಿತು, ಯಾವುದಾದರೂ ಒಂದು ಪಾಠದ ಮೇಲೆ ಐದು ಪ್ರಶ್ನೆಗಳನ್ನು ಅವರಿಂದಲೇ ಬರೆಯಿಸಲಿ. ಉತ್ತರಗಳನ್ನು ಮರುದಿನ ನೋಡಿದರಾಯಿತು.