ಐವತ್ತರ ನೋಟಿನ ಸೋಫಿ

ಬ್ಯಾಂಕಿಂಗ್ ಪಾಠಕ್ಕೆಂದು ಬೇರೆ ಬೇರೆ ದೇಶಗಳ ನೋಟುಗಳ ಚಾರ್ಟ್ ಮಾಡುವಾಗ ಸ್ವಿಟ್ಜರ್ಲೆಂಡಿನ 50 ಫ್ರಾಂಕ್ ನೋಟಿನ ಚಿತ್ರ ಸಿಕ್ಕಿತು. 1995ರಲ್ಲಿ ಬಂದ ನೋಟು. ಆ ಸರಣಿಯ ಆರು ನೋಟುಗಳಲ್ಲಿ ಹೆಣ್ಣಿನ ಮುಖ ಇದ್ದದ್ದು ಅದರಲ್ಲಿ ಮಾತ್ರ. ಆಕೆ ರಾಣಿಯಲ್ಲ, ಮಂತ್ರಿಯಲ್ಲ, ಕಸೂತಿ ಕಲಿಸುತ್ತಿದ್ದ ಟೀಚರ್. ಹೆಸರು ಸೋಫಿ ಟಾಯ್ಬರ್-ಆರ್ಪ್. ನನ್ನ ಅಮ್ಮಿ ಮನೆಯಲ್ಲಿ ಬ್ಲೌಸುಗಳಿಗೆ ಜರ್ದೋಜಿ ಕೆಲಸ ಮಾಡುತ್ತಾರೆ. ಅದಕ್ಕೇ ಇರಬೇಕು, ಚಾರ್ಟ್ ಬದಿಗಿಟ್ಟು ಇವರ ಬಗ್ಗೆ ಓದತೊಡಗಿದೆ.

ಸೋಫಿ ಹುಟ್ಟಿದ್ದು 1889ರಲ್ಲಿ, ದಾವೋಸ್‌ನಲ್ಲಿ. ತಂದೆ ಬೇಗ ತೀರಿಕೊಂಡರು. ನೇಯ್ಗೆ, ಕಸೂತಿ ಕಲಿತು 1916ರಲ್ಲಿ ಜ್ಯೂರಿಕ್‌ನ ಕರಕುಶಲ ಕಲೆಗಳ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು.

ಆಗ ಮೊದಲ ಮಹಾಯುದ್ಧದ ಕಾಲ. ಯುದ್ಧ ಬೇಡವೆಂದು ಬೇರೆ ದೇಶಗಳಿಂದ ಬಂದ ಕವಿಗಳು, ಕಲಾವಿದರು ಅದೇ ವರ್ಷ ಜ್ಯೂರಿಕ್‌ನಲ್ಲಿ ಕ್ಯಾಬರೆ ವೋಲ್ಟೇರ್ ಎಂಬ ಪುಟ್ಟ ವೇದಿಕೆ ತೆರೆದರು. ಅರ್ಥವಿಲ್ಲದ ಶಬ್ದಗಳ ಕವಿತೆ, ಡೋಲು, ಮುಖವಾಡ, ಗದ್ದಲ. ಲಕ್ಷಗಟ್ಟಲೆ ಜನರನ್ನು ಕೊಲ್ಲುವುದೇ ಬುದ್ಧಿವಂತಿಕೆಯಾದರೆ ನಮಗೆ ಆ ಬುದ್ಧಿಯೇ ಬೇಡ ಎಂಬ ಸಿಟ್ಟು ಅದರಲ್ಲಿತ್ತು. ಈ ಚಳವಳಿಗೆ ದಾದಾ ಎಂದು ಹೆಸರಾಯಿತು. (ನಮ್ಮ ಉರ್ದುವಿನಲ್ಲಿ ದಾದಾ ಅಂದರೆ ಅಪ್ಪನ ಅಪ್ಪ. ಹೇಳಿದಾಗ ತಮ್ಮ ಬಿದ್ದು ಬಿದ್ದು ನಕ್ಕ.)

ದಾದಾ ಎಂದರೆ ಹ್ಯೂಗೋ ಬಾಲ್, ತ್ರಿಸ್ತಾನ್ ಜಾರಾ, ಹಾನ್ಸ್ ಆರ್ಪ್ ಎಂದೇ ಮೊದಲು ಹೇಳುತ್ತಾರೆ. ಆದರೆ ಬಾಲ್ ಜೊತೆ ಸೇರಿ ಆ ಕ್ಯಾಬರೆ ಕಟ್ಟಿ ಅಲ್ಲಿ ಹಾಡಿದವರು ಎಮ್ಮಿ ಹೆನ್ನಿಂಗ್ಸ್. 1917ರಲ್ಲಿ ದಾದಾ ಗ್ಯಾಲರಿಯಲ್ಲಿ ಬಾಲ್ ಅವರ ಶಬ್ದಕವಿತೆಗೆ ಕುಣಿದವರು ಸೋಫಿ. ಶಾಲೆಯವರಿಗೆ ಈ ಗುಂಪು ಹಿಡಿಸುತ್ತಿರಲಿಲ್ಲ. ಹಾಗಾಗಿ ಬೇರೆ ಹೆಸರಿಟ್ಟುಕೊಂಡು, ಮುಖವಾಡ ಹಾಕಿಕೊಂಡು ಕುಣಿಯಬೇಕಾಯಿತು.

ಕೆಲಸ ಬಿಡುವಂತೆಯೂ ಇರಲಿಲ್ಲ. 1922ರಲ್ಲಿ ಅವರು ಆರ್ಪ್ ಅವರನ್ನು ಮದುವೆಯಾದರು. 1929ರವರೆಗೆ ಮನೆ ನಡೆದದ್ದು ಹೆಚ್ಚಾಗಿ ಸೋಫಿಯ ಸಂಬಳದಲ್ಲಿ. ಗಂಡ ದೊಡ್ಡ ಕಲಾವಿದರೆನಿಸಿಕೊಂಡರು, ಸೋಫಿ ಬಹಳ ಕಾಲ ಕಸೂತಿಯವರಾಗಿಯೇ ಉಳಿದರು. ನಮ್ಮ ಅಕೌಂಟೆನ್ಸಿಯಲ್ಲಾದರೆ ಬಂಡವಾಳ ತಂದವರ ಹೆಸರು ಲೆಡ್ಜರಿನಲ್ಲಿ ಇರಲೇಬೇಕು. ಹಾಗೆ ಹೇಳುವ ನಾನೇ ಕಾಲೇಜಿನ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ಗೃಹಿಣಿ ಎಂದು ಬರೆದಿದ್ದೆ. ನನ್ನ ಅಡ್ಮಿಷನ್ ಫೀಸಿನಲ್ಲಿ ಅರ್ಧ ಜರ್ದೋಜಿಯ ದುಡ್ಡು.

1918ರಲ್ಲಿ ಅವರು ಒಂದು ನಾಟಕಕ್ಕೆ ಸೂತ್ರದ ಗೊಂಬೆಗಳನ್ನು ಮಾಡಿದರು. ಮರದ ಗೋಲ, ಕೊಳವೆ, ಶಂಕುಗಳನ್ನು ಕೊಂಡಿಯಿಂದ ಜೋಡಿಸಿದ ಗೊಂಬೆಗಳು. ಕೀಲುಗಳನ್ನು ಬಟ್ಟೆಯಲ್ಲಿ ಮುಚ್ಚುವ ಗೋಜಿಗೇ ಹೋಗಿಲ್ಲ. ಒಂದು ಕಾವಲುಗಾರ ಗೊಂಬೆಗಂತೂ ಹಲವು ಕೈಗಳು, ಹಲವು ಕಾಲುಗಳು. ಫ್ಲೂ ಜ್ವರ ಹಬ್ಬಿದ್ದರಿಂದ ಪ್ರದರ್ಶನ ಬೇಗ ನಿಂತಿತು. ಆ ಗೊಂಬೆಗಳ ಫೋಟೋವನ್ನು ಅಮ್ಮಿಗೆ ತೋರಿಸಿದೆ. ಕೊಂಡಿಗಳನ್ನೇ ತುಂಬಾ ಹೊತ್ತು ನೋಡಿ, ಎಷ್ಟು ದಿನ ಹಿಡಿದಿರಬಹುದು ಎಂದು ಕೇಳಿದರು.

ಮುಂದೆ ಫ್ರಾನ್ಸಿನಲ್ಲಿ ತಮ್ಮ ಮನೆಯ ನಕ್ಷೆಯನ್ನೂ ಸೋಫಿ ತಾವೇ ಹಾಕಿದರು. ಎರಡನೇ ಮಹಾಯುದ್ಧ ಆ ಮನೆಯನ್ನು ಬಿಡಿಸಿತು. 1943ರ ಜನವರಿಯ ಒಂದು ರಾತ್ರಿ ಜ್ಯೂರಿಕ್‌ನಲ್ಲಿ ಸ್ನೇಹಿತರ ಮನೆಯಲ್ಲಿ ಮಲಗಿದ್ದಾಗ ಒಲೆಯ ವಿಷಾನಿಲದಿಂದ ತೀರಿಕೊಂಡರು. ಆಗ 53 ವರ್ಷ.

ಅವರ ಮುಖವಿದ್ದ ನೋಟನ್ನು 2021ರಲ್ಲಿ ಸ್ವಿಸ್ ಬ್ಯಾಂಕು ಚಲಾವಣೆಯಿಂದ ಹಿಂತೆಗೆದುಕೊಂಡಿತು. ಈಗಿನ 50ರ ನೋಟಿನಲ್ಲಿ ಯಾರ ಮುಖವೂ ಇಲ್ಲ. ನಾನು ಚಾರ್ಟಿನಲ್ಲಿ ಹಳೆಯದನ್ನೇ ಅಂಟಿಸಿದ್ದೇನೆ.