ಅಂಬರಿನಲ್ಲಿ ಅಡಗಿದ ಕಾಡನ್ನು ಕಂಡ ವೈದ್ಯ ಬೆರೆಂಟ್

ಬಾಲ್ಟಿಕ್ ಸಮುದ್ರದಲ್ಲಿ ಬಿರುಗಾಳಿ ಎದ್ದು ಅಡಗಿದ ಮರುದಿನ ದಂಡೆಯ ಜನರು ಅಲೆಗಳು ತಂದೆಸೆದ ಹಳದಿ ಅಂಬರನ್ನು ಆಯಲು ಹೊರಡುತ್ತಿದ್ದರು. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವ ಇದನ್ನೇ ನಮ್ಮವರು ತೃಣಮಣಿ ಎಂದು ಕರೆದರು. ಹರಳು ಆಭರಣವಾಗಿ ಮಾರಾಟವಾಗುತ್ತಿತ್ತು. ಅದರೊಳಗೆ ಸಿಕ್ಕಿಬಿದ್ದ ಹುಳುವಿನ ಬಗ್ಗೆ ತಲೆಕೆಡಿಸಿಕೊಂಡವರು ಕಡಿಮೆ. ಅಂಥವರಲ್ಲಿ ಪ್ರಮುಖರು ಡಾಂಟ್ಜಿಗ್ ನಗರದ ವೈದ್ಯ ಗಿಯೋರ್ಗ್ ಕಾರ್ಲ್ ಬೆರೆಂಟ್. ಆ ಊರು ಈಗ ಪೋಲೆಂಡಿನ ಗ್ಡಾನ್ಸ್ಕ್.

1790ರಲ್ಲಿ ಜನಿಸಿದ ಬೆರೆಂಟ್ ಹೊಟ್ಟೆಪಾಡಿಗೆ ವೈದ್ಯವೃತ್ತಿಯನ್ನು ಆಶ್ರಯಿಸಿದರೂ ಮನಸ್ಸು ನೆಟ್ಟಿದ್ದು ಅಂಬರಿನಲ್ಲಿ. ಹುಳುವಿರುವ ತುಂಡುಗಳನ್ನು ಸಂಗ್ರಹಿಸುತ್ತಾ ಹೋದ ಅವರು 1830ರಲ್ಲಿ ಅಂಬರಿನ ಕೀಟಗಳ ಕುರಿತು ಮೊದಲ ಕೃತಿ ಹೊರತಂದರು. ಸಂಗ್ರಹ ಬೆಳೆದಂತೆ ಒಂದು ಸತ್ಯ ಅವರಿಗೆ ಗೋಚರಿಸಿತು: ಇಷ್ಟೊಂದು ಬಗೆಯ ಜೀವಿಗಳನ್ನು ಒಬ್ಬನೇ ಗುರುತಿಸುವುದು ಅಸಾಧ್ಯ. ಸಂಗ್ರಾಹಕರಿಗೆ ಅಪರೂಪವಾದ ಈ ವಿನಯವೇ ಅವರ ಬಹುದೊಡ್ಡ ಗುಣ ಎನ್ನಬೇಕು. ತಮ್ಮ ನಿಧಿಯನ್ನು ಬಚ್ಚಿಡದೆ ಅವರು ಬೇರೆ ಬೇರೆ ತಜ್ಞರ ಮುಂದೆ ತೆರೆದಿಟ್ಟರು. ಸಸ್ಯಗಳ ಅಧ್ಯಯನಕ್ಕೆ ಗೊಪ್ಪರ್ಟ್ ಜೊತೆಯಾದರು. ಆ ಸಂಪುಟ 1845ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾಯಿತು. ಜೇಡ, ಸಹಸ್ರಪದಿ ಮೊದಲಾದವುಗಳ ಹೊಣೆ ಜೇಡತಜ್ಞ ಕಾರ್ಲ್ ಲುಡ್ವಿಗ್ ಕಾಖ್ ಅವರದಾಯಿತು.

ಮರದ ಅಂಟಿಗೆ ಸಿಕ್ಕಿದ್ದು ಬಹುಪಾಲು ಹಾರುವ ಕೀಟಗಳೇ. ನೆಲದ ತರಗೆಲೆಯಡಿ ಬಾಳುವ ಜೀವಿ ಸಿಗುವುದು ದುರ್ಲಭ. ಆದರೂ ಬೆರೆಂಟ್ ಸಂಗ್ರಹದಲ್ಲಿ ವುಡ್‌ಲೈಸ್ ಎಂಬ ಪುಟ್ಟ ಪ್ರಾಣಿಗಳಿದ್ದವು. ಹೂಕುಂಡವನ್ನು ಎತ್ತಿದಾಗ ತೇವದಲ್ಲಿ ಗಾಬರಿಯಿಂದ ಓಡುವ, ಏಳು ಜೊತೆ ಕಾಲಿನ ಬೂದು ಹುಳುಗಳೇ ಇವು. ನೋಟಕ್ಕೆ ಕೀಟವಾದರೂ ಕುಲದಲ್ಲಿ ಏಡಿ, ಸಿಗಡಿಗಳ ಬಂಧುಗಳು. ಸಮುದ್ರವನ್ನು ತೊರೆದು ನೆಲಕ್ಕೆ ಬಂದರೂ ತೇವದ ಹಂಗನ್ನು ತೊರೆಯಲಾಗಲಿಲ್ಲ. ಕೊಳೆತ ಎಲೆ, ಮರವನ್ನು ತಿಂದು ಮಣ್ಣಿಗೆ ಮರಳಿಸುವುದು ಇವುಗಳ ಕಾಯಕ. ಹಾಗಾಗಿ ಅಂಬರಿನಲ್ಲಿ ಒಂದು ವುಡ್‌ಲೌಸ್ ದೊರೆತರೆ ಸುಮಾರು 4 ಕೋಟಿ ವರ್ಷಗಳ ಹಿಂದಿನ ಆ ಕಾಡಿನ ನೆಲ ತೇವವಾಗಿತ್ತು, ಅಲ್ಲಿ ಎಲೆ ಕೊಳೆಯುತ್ತಿತ್ತು ಎಂಬುದಕ್ಕೆ ಸಾಕ್ಷಿ ದೊರೆತಂತೆಯೇ.

ಈ ಪ್ರಾಣಿಗಳಿಗೆ ಶಾಸ್ತ್ರೀಯ ಹೆಸರಿಟ್ಟ ಸಂಪುಟವನ್ನು ಬೆರೆಂಟ್ ಕಣ್ಣಾರೆ ಕಾಣಲಿಲ್ಲ. 1850ರಲ್ಲಿ ಅವರು ನಿಧನರಾದರು. ಕಾಖ್ ಜೊತೆಗಿನ ಕೃತಿ 1854ರಲ್ಲಿ, ಡಾಂಟ್ಜಿಗ್‌ನ ಶಿಕ್ಷಕ ಆಂಟನ್ ಮೆಂಗೆ ಅವರ ಟಿಪ್ಪಣಿಗಳೊಂದಿಗೆ ಹೊರಬಂದಿತು. ಮತ್ತೊಂದು ಸಂಪುಟ ಬಂದದ್ದು 1856ರಲ್ಲಿ.

ಸಂಗ್ರಹ ಬರ್ಲಿನ್ನಿನ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯವನ್ನು ಸೇರಿತು. ಡಾಂಟ್ಜಿಗ್‌ನಲ್ಲಿಯೇ ಉಳಿದ ಮೆಂಗೆ ಅವರ ಸಂಗ್ರಹದ ಬಹುಭಾಗ ಎರಡನೇ ಮಹಾಯುದ್ಧದ ಕಾಲದಲ್ಲಿ ಕಣ್ಮರೆಯಾಯಿತು ಎಂಬುದನ್ನು ನೆನೆದರೆ ಬೆರೆಂಟ್ ಹರಳುಗಳ ಅದೃಷ್ಟ ದೊಡ್ಡದು. ಮ್ಯಾನ್ಮಾರ್‌ನ ಸುಮಾರು 9.9 ಕೋಟಿ ವರ್ಷ ಹಳೆಯ ಅಂಬರಿನಲ್ಲಿ ಇನ್ನೂ ಪುರಾತನ ವುಡ್‌ಲೈಸ್ ಈಚೆಗೆ ದೊರೆತಿವೆ. ಆದರೂ ಬಾಲ್ಟಿಕ್ ಅಂಬರಿನ ವುಡ್‌ಲೈಸ್ ಕುರಿತು ಬರೆಯುವವರು 1854ರ ಆ ಹಳೆಯ ಪುಟಗಳನ್ನು ಇಂದಿಗೂ ತೆರೆಯುತ್ತಾರೆ.